ವ್ಯಾನಿನ ಈಶಾನ್ಯ ಮೂಲೆ

ಮನೆಗೊಂದು ವ್ಯಾನು ತರುತ್ತೇನೆ ಎನ್ನುವ ಗಂಡಸರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ದುಡಿಯುವ ವ್ಯಾನಾದರೆ ಸರಿ, ತರಕಾರಿ ಸಾಗಿಸಲಿ, ಸಿಮೆಂಟು ಸಾಗಿಸಲಿ, ನನ್ನದೇನೂ ತಕರಾರಿಲ್ಲ. ಸುಮ್ಮನೆ ಸುತ್ತುವುದಕ್ಕೆ, ಅದರೊಳಗೇ ಮಲಗಿ ಎದ್ದು ಅಡುಗೆ ಮಾಡಿಕೊಂಡು ಊರೂರು ನೋಡುವುದಕ್ಕೆ ಅಂತ ತರುತ್ತಾರಲ್ಲ, ನಾನು ಹೇಳುತ್ತಿರುವುದು ಅದರ ಮಾತು. ನಂಜನಗೂಡಿನ ನಮ್ಮ ಮನೆ ಮುಂದೆ ಅಂಥದ್ದೊಂದು ಎಂಟು ಹತ್ತು ವರ್ಷ ನಿಂತಿತ್ತು. ಯಾರಾದರೂ ಬಂದು ಸಲಹೆ ಕೇಳಿದರೆ ಹೇಳುತ್ತೇನೆ: ಮಳೆಗಾಲಕ್ಕೆ ಮೊದಲು ಮೇಲಿನ ತಗಡಿನ ಬೆಸುಗೆ ನೋಡಿಸಿ. ಹಾಸಿಗೆಯನ್ನು ಒಳಗೆ ಬಿಡಬೇಡಿ, ಬೂಷ್ಟು ಹಿಡಿಯುತ್ತದೆ. ನಿಂತ ಗಾಡಿಯನ್ನು ಆಗಾಗ ಸ್ಟಾರ್ಟ್ ಮಾಡುತ್ತಿರಿ, ಇಲ್ಲದಿದ್ದರೆ ಬ್ಯಾಟರಿ ಸಾಯುತ್ತದೆ, ಆಮೇಲೆ ಬೀದಿಯವರನ್ನೆಲ್ಲ ಕರೆದು ತಳ್ಳಿಸಬೇಕಾಗುತ್ತದೆ. ಮತ್ತೆ, ಒಳಗಿರುವುದು ಯಾವುದು ಯಾತಕ್ಕೆ ಅಂತ ಮೊದಲ ದಿನವೇ ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳಿ. ಮಿಕ್ಕದ್ದನ್ನೆಲ್ಲ ಮರೆತರೆ ಮೆಕ್ಯಾನಿಕ್ ಇದ್ದಾನೆ, ಇದೊಂದನ್ನು ಮರೆತರೆ ಯಾರೂ ಇಲ್ಲ.

ಸಂಕೋಚ ಬಿಟ್ಟು ಹೇಳಿಬಿಡುತ್ತೇನೆ, ಪಟ್ಟ ಸಂಕೋಚ ಈ ಜನ್ಮಕ್ಕೆ ಸಾಕು. ಎರಡನೆಯ ಹೆರಿಗೆ ಆದ ಮೇಲೆ ನನಗೆ ಉಚ್ಚೆ ತಡೆಯುವ ಶಕ್ತಿ ಹೋಯಿತು. ಕೆಮ್ಮಿದರೆ, ಸೀನಿದರೆ, ಬಸ್ಸು ಗುಂಡಿಗೆ ಬಿದ್ದು ಎದ್ದರೆ ಅಷ್ಟೇ. ಡಾಕ್ಟರಮ್ಮನಿಗೆ ತೋರಿಸಿದೆ. 'ಹೆಂಗಸರಿಗೆ ಇದೆಲ್ಲ ಇರೋದೇ, ಹೊಂದ್ಕೊಂಡು ಹೋಗಿ' ಎಂದರು. ಹೊಂದಿಕೊಂಡೆ. ನಾನು ಪಾಠ ಹೇಳುತ್ತಿದ್ದ ಶಾಲೆ ಮನೆಯಿಂದ ಎರಡು ಬೀದಿ ಆಚೆ, ಅದಕ್ಕೇನೂ ತೊಂದರೆ ಇರಲಿಲ್ಲ. ತವರು ಮೂಗೂರು. ನಂಜನಗೂಡಿನಲ್ಲಿ ಬಸ್ಸು ಹತ್ತಿ ತಿ. ನರಸೀಪುರದಲ್ಲಿ ಇಳಿದರೆ ಅಲ್ಲಿ ನಮ್ಮ ಚಿಕ್ಕಮ್ಮನ ಮನೆಯಿತ್ತು, ಹಿತ್ತಲಲ್ಲಿ ಕಕ್ಕಸಿತ್ತು. ಅಲ್ಲಿ ಹೋಗಿ, ಒಂದು ಲೋಟ ಕಾಫಿಯನ್ನು ಕುಡಿಯದೆ ಮುಂದಿಟ್ಟುಕೊಂಡು ಮಾತಾಡಿ, ಇನ್ನೊಂದು ಸಲ ಹಿತ್ತಲಿಗೆ ಹೋಗಿ ಬಂದು ಮೂಗೂರಿನ ಬಸ್ಸು ಹತ್ತುತ್ತಿದ್ದೆ. ನನ್ನ ಪ್ರಪಂಚ ಅಲ್ಲಿಗೆ ಮುಗಿಯುತ್ತಿತ್ತು. ಬಸ್ಸುಗಳಲ್ಲಿ ದೇಶ ಸುತ್ತುವ ಗಂಡಸರಿಗೆ ಇದು ಅರ್ಥವಾಗುವುದಿಲ್ಲ. ಅವರಿಗೆ ರಸ್ತೆಯುದ್ದಕ್ಕೂ ಮರಗಳಿವೆ.

ನನಗಿದ್ದವಳು ಒಬ್ಬಳೇ ಅಕ್ಕ. ಅವಳನ್ನು ಸೋಮವಾರಪೇಟೆ ಕಡೆಗೆ ಕೊಟ್ಟಿತ್ತು, ಅವಳ ಯಜಮಾನರು ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರು. ಆ ದಾರಿಗೆ ರೈಲಿಲ್ಲ, ಬಸ್ಸೇ ಗತಿ. ನಾನು ಅಲ್ಲಿಗೆ ಹೋಗಲಾಗುತ್ತಿರಲಿಲ್ಲ. ಅವಳೂ ಬರುವುದನ್ನು ನಿಲ್ಲಿಸಿದಳು. ಹಸ ಕರು ಹಾಕಿದೆ, ತೋಟದಲ್ಲಿ ಕುಯ್ಲು, ಆಳುಗಳಿಲ್ಲ, ಸಲಕ್ಕೊಂದು ನೆಪ. ಅದನ್ನೂ ನುಂಗಿಕೊಂಡೆ. ಆದರೆ ಮೂಗೂರಿನಲ್ಲಿ ನಮ್ಮವ್ವ ತೀರಿಕೊಂಡಾಗ ಅವಳು ಮಣ್ಣಿಗೆ ಬರಲಿಲ್ಲ. ಅವಳ ಯಜಮಾನರು ಮಾತ್ರ ಬಂದು, 'ಅವಳಿಗೆ ಮೈ ಸರಿಯಿಲ್ಲ' ಅಂದು ತಲೆ ತಗ್ಗಿಸಿ ನಿಂತರು. ಶಿವಗಣಾರಾಧನೆಗೂ ಬರಲಿಲ್ಲ. ಹೆತ್ತವ್ವನ ಮುಖ ನೋಡುವುದಕ್ಕಾಗದಂಥ ಯಾವ ಕಾಯಿಲೆ ಅದು? ಅವಳ ಮುಂದೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, 'ಯಾಕೆ ಬರಲಿಲ್ಲ ಹೇಳು' ಅಂತ ಕೇಳಬೇಕು ಅನ್ನುವುದು ನನಗೆ ಅನ್ನ ನೀರಿನಷ್ಟೇ ಮುಖ್ಯವಾಯಿತು. ಫೋನಿನಲ್ಲಿ ಕೇಳುವ ಮಾತಲ್ಲ ಅದು. ಎದುರಿಗೇ ಕೇಳಬೇಕಿತ್ತು.

ನನ್ನ ಯಜಮಾನರು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಕೈ ಬಂಗಾರ, ಬಾಯಿ ಮಾತ್ರ ಮಣ್ಣು. ಕಾರ್ಖಾನೆಯವರು ಕೆಲಸಗಾರರನ್ನು ಕರೆತರುತ್ತಿದ್ದ ಹಳೆಯ ವ್ಯಾನು ಮಾರುತ್ತಾರೆ ಅಂತ ಗೊತ್ತಾದಾಗ ಇವರು ಬಂದು, 'ತಗೊಳ್ಳಾ ಅಂತಿದೀನಿ ಕಣೇ' ಎಂದರು. 'ಯಾಕೆ, ಮೆರವಣಿಗೆ ಹೋಗಬೇಕಾ?' ಎಂದೆ. ಅವರು ನೆಲ ನೋಡಿಕೊಂಡು, 'ನಿಂಗೆ ಕಣೇ. ಒಳಗೇ ಒಂದು ಕಕ್ಕಸು ಕೂರಿಸ್ತೀನಿ. ಸೋಮವಾರಪೇಟೆಗೆ ಓಗ್ ಬರೋಣ' ಎಂದರು. ಮದುವೆಯಾದ ಇಷ್ಟು ವರ್ಷದಲ್ಲಿ ಅವರು ಆಡಿದ ಒಳ್ಳೆಯ ಮಾತುಗಳಲ್ಲಿ ಅದೊಂದು. ನಾನು ಒಲೆ ಕಡೆ ತಿರುಗಿ ಅತ್ತುಬಿಟ್ಟೆ.

ವ್ಯಾನನ್ನು ನರಸೀಪುರಕ್ಕೆ ಒಯ್ದು, ಅಲ್ಲಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಬಿಟ್ಟರು. ಸೀಟು ಕಿತ್ತು ಎರಡು ಕಡೆ ಹಲಗೆ ಮಂಚ ಮಾಡಿಸಿದರು. ಸ್ಟೌ ಇಡುವುದಕ್ಕೆ ಕಟ್ಟೆ, ಮೇಲೆ ನೀರಿನ ಡ್ರಮ್ಮು. ಹಿಂದಿನ ಬಲಮೂಲೆಯಲ್ಲಿ ಪ್ಲೈವುಡ್ಡಿನ ಗೂಡು ಕಟ್ಟಿಸಿ, ಅದರೊಳಗೆ ಸ್ಟೀಲಿನ ಬೇಸಿನ್ನು ಕೂರಿಸಿ, ಕೆಳಗೆ ತೆಗೆದು ಚೆಲ್ಲುವ ಡಬ್ಬ ಇಟ್ಟು, ಒಳಗಿನಿಂದ ಚಿಲಕ ಹಾಕಿಸಿದರು. ನಾನು ಒಂದು ಭಾನುವಾರ ಹೋಗಿ ನೋಡಿದೆ. ಒಳಗೆ ಹೋಗಿ ಚಿಲಕ ಹಾಕಿಕೊಂಡು ಸುಮ್ಮನೆ ಸ್ವಲ್ಪ ಹೊತ್ತು ನಿಂತೆ. ವೆಲ್ಡಿಂಗಿನವನು ಹೊರಗೆ, 'ನಮ್ಮನೇಲೂ ಅತ್ತೆಗೆ ಇಂಗೇ ತೊಂದ್ರೆ ಸಾ, ಒಳ್ಳೆ ಕೆಲ್ಸ ಮಾಡಿಸ್ತಿದೀರ' ಅನ್ನುತ್ತಿದ್ದ. ನಮ್ಮವರು ಅವನಿಗೆ ಎಲ್ಲ ಹೇಳಿದ್ದರು. ಪರವೂರಿನವನಿಗೆ ಹೇಳುವುದು ಸುಲಭ ಅಂತ ಕಾಣುತ್ತದೆ.

ಗಾಡಿ ಮನೆಗೆ ಬಂದ ದಿನ ಪೂಜೆ. ಭಾವ ಬಂದರು, ಅಂದರೆ ನನ್ನ ಯಜಮಾನರ ಅಣ್ಣ. ಅದೇ ಬೀದಿಯಲ್ಲಿ ಅವರ ಮನೆ, ಬೆಲ್ಲ ಕಾಯಿಯ ಮಂಡಿ. ನಮ್ಮದು ಲಿಂಗ ಕಟ್ಟಿದ ಮನೆತನ. ಭಾವ ಲಿಂಗಪೂಜೆ ಆಗದೆ ಬಾಯಿಗೆ ನೀರು ಬಿಡುವವರಲ್ಲ, ಅದರಲ್ಲಿ ಅವರ ನಿಷ್ಠೆಯನ್ನು ನಾನು ಅಲ್ಲಗಳೆಯುವುದಿಲ್ಲ. ಅತ್ತೆ, ಓರಗಿತ್ತಿ, ಬೀದಿಯ ಹತ್ತು ಜನ ಸುತ್ತ ನಿಂತಿದ್ದರು. ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾದ ಮೇಲೆ ಭಾವ ಒಳಗೆ ಹತ್ತಿ, ಒಂದೊಂದೇ ಮುಟ್ಟಿ ನೋಡಿ, ಕೊನೆಗೆ ಗೂಡಿನ ಬಾಗಿಲ ಮುಂದೆ ನಿಂತರು.

'ಇದೇನ್ಲಾ ಇದು, ಇಷ್ಟು ಸಣ್ಣ ಕೋಣೆ?' ಎಂದರು.

ನಮ್ಮವರು ತಲೆ ಕೆರೆದುಕೊಂಡರು. 'ಅದೂ... ಸುಮ್ನೆ ಕಣಣ್ಣ. ಒಂದು ಮರೆಗೆ ಅಂತ.'

'ಪೂಜೆಗಾ?' ಭಾವನ ಮುಖ ಅರಳಿತು. 'ಒಳ್ಳೆ ಕೆಲ್ಸ ಮಾಡ್ದೆ ಬುಡು. ನಾನೇ ಯೋಳ್ಬೇಕು ಅಂತಿದ್ದೆ, ದಾರೀಲಿ ಪೂಜೆಗೆ ಕೂರಕ್ಕೆ ಜಾಗಿಲ್ದೆ ಒದ್ದಾಡ್ತೀವಿ ಅಂತ. ನೋಡು, ಈಶಾನ್ಯಕ್ಕೇ ಸರಿಯಾಗಿ ಬಂದದೆ.'

ಆ ವರ್ಷಗಳಲ್ಲಿ ವಾಸ್ತುವಿನ ಹುಚ್ಚು ಎಲ್ಲರಿಗೂ ಹಿಡಿದಿತ್ತು, ಚೆನ್ನಾಗಿದ್ದ ಮನೆಯ ಬಾಗಿಲು ಕಿತ್ತು ಕಿಟಕಿ ಮಾಡಿ, ಕಿಟಕಿ ಕಿತ್ತು ಬಾಗಿಲು ಮಾಡುತ್ತಿದ್ದರು. ಆದರೆ ಮನೆಯಾದರೆ ನಿಂತ ಕಡೆ ನಿಂತಿರುತ್ತದೆ. ವ್ಯಾನು ಮನೆ ಮುಂದೆ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದಾಗ ಆ ಮೂಲೆ ಈಶಾನ್ಯವೇ, ಒಪ್ಪಿದೆ. ಉತ್ತರಕ್ಕೆ, ಮೈಸೂರು ರಸ್ತೆಗೆ ತಿರುಗಿತೋ, ಅದೇ ಮೂಲೆ ಆಗ್ನೇಯ, ಒಲೆ ಇಡುವ ಜಾಗ. ಇದು ನಾನು ಪಾಠ ಹೇಳುತ್ತಿದ್ದ ಮೂರನೇ ಕ್ಲಾಸಿನ ಮಕ್ಕಳಿಗೆ ಗೊತ್ತಿತ್ತು. ಅಲ್ಲಿ ನಿಂತಿದ್ದ ದೊಡ್ಡವರು ಯಾರಿಗೂ ಹೊಳೆಯಲಿಲ್ಲ. ನಾನು ಆರತಿ ತಟ್ಟೆ ಹಿಡಿದು ಯಜಮಾನರ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ. ಅವರು ಹೇಳಲಿಲ್ಲ. ಭಾವನ ಎದುರಿಗೆ ಸೊಸೆಯಾದವಳು ನಿಂತು 'ಅದು ನನ್ನ ಕಕ್ಕಸು' ಅನ್ನುವುದು ನಮ್ಮ ಕಡೆ ಆಗುವ ಮಾತೇ? ಬೇಸಿನ್ನಿನ ಮೇಲೆ ಮುಚ್ಚಿದ್ದ ಹಲಗೆಗೆ ಅತ್ತೆ ಅರಿಸಿನ ಕುಂಕುಮ ಹಚ್ಚಿದರು. ಭಾವ ಮನೆಯಿಂದ ನಂಜುಂಡೇಶ್ವರನ ಫೋಟೋ ತರಿಸಿ ಅದರ ಮೇಲೆ ಇಟ್ಟರು. ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ.

ಒಳಗೆ ಬಂದ ಮೇಲೆ ಯಜಮಾನರನ್ನು ಅಡುಗೆ ಮನೆಗೆ ಕರೆದೆ.

'ಯಾಕ್ರೀ ಹೇಳಲಿಲ್ಲ?'

'ಯಾವ ಬಾಯಲ್ಲಿ ಯೋಳ್ಲೇ, ಅಣ್ಣನ ಮುಂದೆ? ಅಷ್ಟು ಜನ ನಿಂತಿದ್ರು.'

'ನರಸೀಪುರದ ವೆಲ್ಡಿಂಗಿನವನಿಗೆ ಯಾವ ಬಾಯಲ್ಲಿ ಹೇಳಿದಿರೋ ಅದೇ ಬಾಯಲ್ಲಿ.'

'ತಡಿಯೇ. ನಿಧಾನಕ್ಕೆ ಯೋಳ್ತೀನಿ.'

ನಿಧಾನಕ್ಕೆ ಆದದ್ದು ಇಷ್ಟು. ದೇವರ ಕೆಳಗೆ ಅಂಥದ್ದು ಇರಬಾರದು ಅಂತ ಅವರಿಗೇ ಹೆದರಿಕೆ ಹತ್ತಿ, ಮಾರನೇ ವಾರ ಬೇಸಿನ್ನು ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ತಳದ ತೂತಿನಿಂದ ಧೂಳು ಬರುತ್ತದೆಂದು ಭಾವ ತಗಡು ಬಡಿಸಿದರು. ಬಾಗಿಲಿಗೆ ಗಂಟೆ ಕಟ್ಟಿಸಿದರು.

ಆಮೇಲೆ ವ್ಯಾನು ಹೋಗದ ಕಡೆ ಇಲ್ಲ. ಮಾದಪ್ಪನ ಬೆಟ್ಟಕ್ಕೆ, ಬಿಳಿಗಿರಿರಂಗನ ಬೆಟ್ಟಕ್ಕೆ, ನೆಂಟರ ಗೃಹಪ್ರವೇಶಕ್ಕೆ, ಹೆಣ್ಣು ನೋಡುವುದಕ್ಕೆ, ಗಂಡು ನೋಡುವುದಕ್ಕೆ. ಯಾರ ಮನೆಯಲ್ಲಿ ಕೂಸಿಗೆ ಮುಡಿ ತೆಗೆಸಬೇಕಾದರೂ ನಮ್ಮ ಬಾಗಿಲು ಬಡಿಯುವುದು. ಒಂದು ತಿಳಿದುಕೊಳ್ಳಿ, ಗಾಡಿ ಕೊಟ್ಟವರಿಗೆ ಪುಣ್ಯ ಬರುವುದಿಲ್ಲ, ಖಾಲಿ ಟ್ಯಾಂಕು ಬರುತ್ತದೆ. ಕೊಡದಿದ್ದರೆ, 'ಮೇಲೆ ಹತ್ತಿಬಿಟ್ರು ಕಣಪ್ಪ' ಎನ್ನುತ್ತಾರೆ. ಹೋಗಿ ಬಂದ ಮೇಲೆ ಮಂಚದ ಕೆಳಗೆ ಬಾಳೆಹಣ್ಣಿನ ಸಿಪ್ಪೆ, ಕಟ್ಟೆಯ ಮೇಲೆ ಚೆಲ್ಲಿದ ಸಾರು, ಯಾರದೋ ಕೂಸು ಕಕ್ಕಿದ ವಾಸನೆ. ತೊಳೆಯುವವಳು ನಾನು. ಡ್ರಮ್ಮಿನ ನೀರು ತಿರುವಿನಲ್ಲಿ ತುಳುಕಿ ಹಾಸಿಗೆ ನೆನೆಯುತ್ತಿತ್ತು, ಅದನ್ನು ಮಹಡಿ ಮೇಲೆ ಹೊತ್ತು ಒಣಗಿಸುವವಳೂ ನಾನೇ. ಮಳೆಗಾಲದಲ್ಲಿ ನಿಂತಾಗ ಇಲಿ ಹೊಕ್ಕು ವೈರು ಕಡಿದವು. ಬಾಡಿಗೆಗೆ ಓಡಿಸ್ತೀರಾ ಅಂತ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ಕೇಳುವರು. ಬಿಸಿಲಿದ್ದ ದಿನ ಪಕ್ಕದ ಮನೆಯವರು ಅದರ ತಲೆಯ ಮೇಲೆ ಸಂಡಿಗೆ ಒಣಹಾಕಿ, 'ನಿಮಗೇನ್ರೀ ಟೀಚರಮ್ಮ, ಮನೇಲೇ ವ್ಯಾನದೆ, ಎಲ್ಲಿಗೆ ಬೇಕಾದ್ರೂ ಓಗ್ ಬರ್ಬೋದು' ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಎಲ್ಲ ಪ್ರಯಾಣಕ್ಕೂ ಚಿತ್ರಾನ್ನ ಕಲಸಿ ಕಟ್ಟಿಕೊಟ್ಟು, ಬಾಗಿಲಲ್ಲಿ ನಿಂತು ಕಳಿಸಿ, ಒಳಗೆ ಬಂದು ಬೈದುಕೊಂಡು ಪಾತ್ರೆ ಉಜ್ಜುತ್ತಿದ್ದೆ. ನನಗೆ ಅಂತ ಬಂದ ಗಾಡಿಯಲ್ಲಿ ನಾನೊಬ್ಬಳು ಮಾತ್ರ ಕೂತಿರಲಿಲ್ಲ. ಸೋಮವಾರಪೇಟೆಯ ಮಾತೆತ್ತಿದರೆ ಯಜಮಾನರು, 'ಓಗೋಣ ತಡಿಯೇ' ಎಂದು ಬೀಡಿ ಹಚ್ಚಿಕೊಂಡು ಬೀದಿಗೆ ಹೋಗುತ್ತಿದ್ದರು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಅಕ್ಕನ ಮಗಳ ಫೋನು ಬಂತು. ಅಕ್ಕ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. 'ಅಮ್ಮ ನಿಮ್ಮನ್ನೇ ಕೇಳ್ತಾರೆ ಚಿಕ್ಕಮ್ಮ. ಒಂದ್ಸಲ ಬಂದು ಹೋಗಿ' ಎಂದಿತು ಆ ಮಗು. ಹೋಗಲೇಬೇಕು ಎಂದೆ. ಯಜಮಾನರೂ ಒಪ್ಪಿದರು. ಆದರೆ ವ್ಯಾನು ಹೊರಡುತ್ತದೆಂದರೆ ಇಬ್ಬರೇ ಹೋಗುವುದುಂಟೇ? 'ಎಂಗೂ ಗಾಡಿ ಓಗ್ತದೆ, ಅಂಗೇ ತಲಕಾವೇರಿನೂ ನೋಡ್ಕಂಡು ಬರೋಣ' ಎಂದು ಭಾವ, ಓರಗಿತ್ತಿ, ಅತ್ತೆ ಮೂವರೂ ಹೊರಟು ನಿಂತರು. ಹಾಸಿಗೆಯಲ್ಲಿ ಬಿದ್ದವಳನ್ನು ನೋಡುವುದು ಅವರಿಗೆ ತಲಕಾವೇರಿಯ ದಾರಿಯಲ್ಲಿ ಸಿಕ್ಕ ಒಂದು ಕೆಲಸ.

ಹಿಂದಿನ ಸಂಜೆಯಿಂದ ನಾನು ನೀರು ಮುಟ್ಟಲಿಲ್ಲ. ಬೆಳಕು ಹರಿಯುವಾಗ ಹೊರಟೆವು. ಹುಣಸೂರಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಹೋಟೆಲಿನ ಹಿಂದೆ ಹೆಂಗಸರಿಗೆ ಅಂತ ಇದ್ದ ಬಾಗಿಲಿಗೆ ಬೀಗ. ಕೀ ಹೋಟೆಲಿನ ಮಾಲೀಕರ ಹತ್ತಿರ, ಅವರು ಮೈಸೂರಿಗೆ ಹೋಗಿದ್ದಾರೆ ಎಂದ ಮಾಣಿ. ತಡೆದುಕೊಂಡೆ. ಪಿರಿಯಾಪಟ್ಟಣ ದಾಟಿದ ಮೇಲೆ ರಸ್ತೆ ಪಕ್ಕ ಒಂದು ಕೆರೆ ಕಂಡಿತು. ಭಾವನಿಗೆ ಇನ್ನೂ ಪೂಜೆಯಾಗಿರಲಿಲ್ಲ. 'ಇಲ್ಲೇ ನಿಲ್ಸು' ಎಂದರು.

ಅವರು ಕೆರೆಗೆ ಇಳಿದು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಬಂದು, ಮೈಗೆ ವಿಭೂತಿ ಧರಿಸಿ ಗೂಡಿನೊಳಗೆ ಕೂತು ಬಾಗಿಲು ಹಾಕಿಕೊಂಡರು. ಸುತ್ತ ಹೊಗೆಸೊಪ್ಪಿನ ಸಸಿ ಆಗತಾನೆ ನೆಟ್ಟ ಬಯಲು. ಮೊಣಕಾಲೆತ್ತರದ ಗಿಡ ಕೂಡ ಇಲ್ಲ. ಕೆರೆಯಲ್ಲಿ ನಾಲ್ಕಾರು ಗಂಡಸರು ಎತ್ತು ತೊಳೆಯುತ್ತಿದ್ದರು. ನಾನು ಯಜಮಾನರ ಹತ್ತಿರ ಹೋಗಿ ಮೆಲ್ಲಗೆ, 'ಮುಂದಕ್ಕೆ ಎಲ್ಲಾದರೂ ಒಂದು ಮನೆ ಹತ್ತಿರ ಬಿಡ್ರೀ, ಆಗೋದಿಲ್ಲ ನನ್ನ ಕೈಲಿ' ಎಂದೆ.

'ಅಣ್ಣ ಪೂಜೆಗೆ ಕೂತವ್ನೆ ಕಣೇ. ಗಾಡಿ ಅಲ್ಲಾಡಿಸಂಗಿಲ್ಲ. ವಸಿ ತಡ್ಕೊ.'

ತಡೆದುಕೊಂಡು ಮಂಚದ ಹಲಗೆಯ ಮೇಲೆ ಕೂತೆ. ಪ್ಲೈವುಡ್ಡಿನ ಆಚೆ ಗಂಟೆ ಸದ್ದು, ಮಂತ್ರ, ಊದುಬತ್ತಿಯ ವಾಸನೆ. ನನಗೂ ಆ ಬಾಗಿಲಿಗೂ ಒಂದು ಮಾರಿನಷ್ಟು ದೂರ ಇರಲಿಲ್ಲ. ಹಲ್ಲು ಕಚ್ಚಿ, ಮುಷ್ಟಿ ಹಿಡಿದು, ಆ ಬಾಗಿಲನ್ನು ನೋಡುತ್ತ ಕೂತೆ. ಕಡೆಗೆ ಒಂದು ಲಾರಿ ಜೋರಾಗಿ ಹಾರನ್ ಹೊಡೆದುಕೊಂಡು ಹೋಯಿತು, ಬೆಚ್ಚಿಬಿದ್ದೆ, ಅಲ್ಲಿಗೆ ಮುಗಿಯಿತು. ಸೀರೆ ನೆನೆದು, ಹಲಗೆಯಿಂದ ಇಳಿದು, ನೆಲದ ಮೇಲೆ ಹರಿದು ಆ ಬಾಗಿಲ ತನಕ ಹೋಯಿತು. ಎದುರಿಗೆ ಕೂತಿದ್ದ ಅತ್ತೆ ಕಾಲು ಮೇಲೆತ್ತಿಕೊಂಡು, 'ಅಯ್ಯೋ ಶಿವನೇ, ದೇವ್ರಿರೋ ಗಾಡೀಲಿ' ಎಂದರು.

ನಮ್ಮಲ್ಲಿ ಸೂತಕವಿಲ್ಲ, ಮೈಲಿಗೆಯಿಲ್ಲ ಅಂತ ಮಠದಲ್ಲಿ ಚೆನ್ನಾಗಿ ಹೇಳುತ್ತಾರೆ. ಕೇಳಿ ತಲೆದೂಗಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮರೆಯುತ್ತೇವೆ. ಭಾವ ಬಾಗಿಲು ತೆರೆದು ನೆಲ ನೋಡಿದರು. ನನ್ನನ್ನು ನೋಡಲಿಲ್ಲ, ತಮ್ಮನಿಗೆ ಹೇಳಿದರು.

'ಗಾಡಿ ತಿರುಗ್ಸು. ಮನೆಗೋಗಿ ತೊಳ್ದು ಶುದ್ಧ ಮಾಡಿ, ಇನ್ನೊಂದಿನ ಬಂದ್ರಾಯ್ತು.'

ಯಜಮಾನರು ನನ್ನ ಮುಖ ನೋಡಿದರು, ಅಣ್ಣನ ಮುಖ ನೋಡಿದರು, ಸೀಟಿಗೆ ಹೋಗಿ ಕೀ ಹಾಕಿದರು.

ಆಗ ನನಗೆ ಎಲ್ಲಿತ್ತೋ ಆ ಸಿಟ್ಟು. ಎದ್ದು ನಿಂತು, 'ಭಾವ, ನೀವು ಇಷ್ಟು ಹೊತ್ತು ಕೂತಿದ್ದದ್ದು ನನ್ನ ಕಕ್ಕಸಿನಲ್ಲಿ. ನಿಮ್ಮ ತಮ್ಮ ನನಗೆ ಅಂತ ಮಾಡಿಸಿದ್ದು. ಬೇಸಿನ್ನು ಅಟ್ಟದ ಮೇಲಿದೆ, ಬೇಕಾದರೆ ಹೋಗಿ ನೋಡಿ' ಎಂದೆ. ಕೂಗಲಿಲ್ಲ, ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದೆ. ಭಾವ ತಮ್ಮನ ಕಡೆ ತಿರುಗಿ, 'ಏನ್ಲಾ?' ಎಂದರು. ಯಜಮಾನರು ಸ್ಟಿಯರಿಂಗ್ ಮೇಲೆ ಹಣೆಯಿಟ್ಟುಕೊಂಡು ಕೂತಿದ್ದರು. ಆಗಲೂ ಅವರ ಬಾಯಿಂದ 'ಹೂಂ' ಎಂಬ ಒಂದು ಮಾತು ಹೊರಡಲಿಲ್ಲ.

ನನ್ನ ಬ್ಯಾಗು ತೆಗೆದುಕೊಂಡು ಕೆಳಗಿಳಿದೆ. ಹಿಂದೆಯೇ ಓರಗಿತ್ತಿ ಇಳಿದು ಬಂದಳು. ಜಮಖಾನ ಬಿಚ್ಚಿ ಕೆರೆಯ ಕಡೆಗೆ ಅಡ್ಡ ಹಿಡಿದಳು. ವ್ಯಾನಿನ ಮರೆಯಲ್ಲಿ ಸೀರೆ ಬದಲಾಯಿಸಿ, ಒದ್ದೆಯದನ್ನು ಹಿಂಡಿ ಕವರಿಗೆ ತುಂಬಿಕೊಂಡೆ. ಯಜಮಾನರು ಇಳಿದು ಬಂದು, 'ನಾನೂ ಬತ್ತೀನಿ ಕಣೇ' ಎಂದರು. ಗಾಡಿ ಓಡಿಸಲು ಬರುತ್ತಿದ್ದವರು ಅವರೊಬ್ಬರೇ. 'ನೀವು ದೇವರನ್ನ ಕರ್ಕೊಂಡು ಮನೆಗೆ ಹೋಗಿ' ಎಂದು ರಸ್ತೆಗೆ ಬಂದು, ಬಂದ ಬಸ್ಸಿಗೆ ಕೈ ಅಡ್ಡ ಹಾಕಿದೆ. ಕಿಟಕಿಯಲ್ಲಿ ನೋಡಿದಾಗ ವ್ಯಾನು ಮೈಸೂರಿನ ಕಡೆಗೆ ತಿರುಗುತ್ತಿತ್ತು. ಅದಕ್ಕೆ ಅಡ್ಡವಾಗಿ ನಿಂತು ಅಳಬೇಕು ಅನ್ನಿಸಲಿಲ್ಲ. ಕುಶಾಲನಗರದಲ್ಲಿ ಬಸ್ಸು ಬದಲಾಯಿಸುವಾಗ ಎರಡು ಲೋಟ ನೀರು ಕುಡಿದೆ. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ಆಗಿಹೋಗಿತ್ತು.

ಅಕ್ಕ ನಡುಮನೆಯ ಮಂಚದ ಮೇಲಿದ್ದಳು. ಅರ್ಧದಷ್ಟಾಗಿದ್ದಳು, ಕೂದಲೆಲ್ಲ ಬೆಳ್ಳಗೆ. ಹಾಸಿಗೆಯ ಮೇಲೆ ರಬ್ಬರ್ ಶೀಟು. ಮಗಳು ಕಾಫಿಗಿಡಲು ಒಳಗೆ ಹೋದಳು.

'ಒಬ್ಳೇ ಬಂದ್ಯಾ? ಎಲ್ಲಮ್ಮಿ ವ್ಯಾನು?' ಎಂದಳು.

ಎದುರಿಗೆ ಕೂತು ಕೇಳಬೇಕೆಂದು ಇಷ್ಟು ವರ್ಷ ಹೊತ್ತು ತಿರುಗಿದ ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಅವಳು ವ್ಯಾನು ಕೇಳಿದಳು, ನಾನು ವ್ಯಾನಿನ ಕತೆ ಹೇಳಿದೆ. ಎರಡನೇ ಹೆರಿಗೆಯಿಂದ ಹಿಡಿದು ಕೆರೆಯ ತನಕ, ಕವರಿನಲ್ಲಿದ್ದ ಸೀರೆಯ ತನಕ, ಒಂದನ್ನೂ ಬಿಡದೆ ಹೇಳಿದೆ. ಹುಟ್ಟಿದಾಗಿನಿಂದ ಒಂದೇ ಕಂಬಳಿಯಲ್ಲಿ ಮಲಗಿದವಳಿಗೆ ಅದನ್ನು ಮೊದಲ ಸಲ ಹೇಳುತ್ತಿದ್ದೆ. ಹೇಳಿ ಮುಗಿಸಿ, 'ನನ್ನದು ಬಿಡು. ನೀನು ಹೇಳು. ಅವ್ವನ ಮಣ್ಣಿಗೆ ಯಾಕೆ ಬರಲಿಲ್ಲ?' ಎಂದೆ.

ಅಕ್ಕ ಅಡುಗೆ ಮನೆಯ ಬಾಗಿಲನ್ನು ಒಮ್ಮೆ ನೋಡಿ, ದನಿ ತಗ್ಗಿಸಿದಳು.

'ಬಂದಿದ್ದೆ ಕಣಮ್ಮಿ. ಹುಣಸೂರಿನ ತಂಕ ಬಂದಿದ್ದೆ. ಇವ್ರು ಬಸ್ಸಿನ ಹಿಂದ್ಗಡೆ ಇದ್ರು, ನಂಗೆ ಕೂತಲ್ಲೇ ಸೀರೆಯೆಲ್ಲ ನೆಂದೋಯ್ತು. ಆ ಸೀರೇಲಿ ಅವ್ವನ ತಲೆ ದೆಸೆಗೆ ಎಂಗೆ ನಿಂತ್ಕಳ್ಳಿ? ಇವ್ರನ್ನ ಮುಂದಕ್ಕೆ ಕಳಿಸ್ಬುಟ್ಟು, ಅಲ್ಲೇ ಇಳ್ದು ವಾಪಸ್ ಬಂದೆ. ಮೈ ಸರಿಯಿಲ್ಲ ಅಂತ ಮಾತ್ರ ಯೋಳಿದ್ದೆ. ಯಾಕೆ ಅಂತ ಇವ್ರಿಗೂ ಇನ್ನೂ ಗೊತ್ತಿಲ್ಲ.'